ಯಾರ ಗಡಿಯಾರ ಸರಿ?

ವಾಚಕ ಸೋದರಿಯೊಬ್ಬರು ಹೋದ ತಿಂಗಳು ನಮಗೆ ಬರೆದ ಕಾಗದದಲ್ಲಿ ಒಂದು ಪ್ರಶ್ನೆಯುಂಟು. ಅದನ್ನು ಈ ಪುಟದಲ್ಲಿ ಎತ್ತುವುದಕ್ಕೆ ಅವರ ಒಪ್ಪಿಗೆಯನ್ನೂ ಪಡೆದಿದ್ದೇವೆ. ಮನೆಯವರೆಲ್ಲರೂ ಏಳುವುದಕ್ಕೆ ಮುಂಚೆ ಅವರು ಕಾಲು ಗಂಟೆಯ ಹೊತ್ತು ಜಪಕ್ಕೆ ಕೂಡುವರಂತೆ. ಆ ಕಾಲು ಗಂಟೆಯು ಎಷ್ಟು ಹೊತ್ತಾದರೂ ಮುಗಿಯದಂತೆ. ಮೂರು ಸಲ ಕಣ್ಣು ತೆರೆದು ನೋಡಿದರೂ ಗಡಿಯಾರದ ಮುಳ್ಳು ಇದ್ದಲ್ಲಿಯೇ ಇರುವುದಂತೆ. ಅವರ ಅತ್ತೆಯವರಾದರೋ ಅದೇ ದೇವರ ಕೋಣೆಯಲ್ಲಿ ಒಂದು ಗಂಟೆ ಕುಳಿತಿದ್ದು, ಏಳುವಾಗ "ಈಗ ತಾನೆ ಕೂತೆನಲ್ಲ!" ಎನ್ನುವರಂತೆ. ಇಬ್ಬರಲ್ಲಿ ಯಾರ ಗಡಿಯಾರ ಸರಿ ಎಂಬುದೇ ಸೋದರಿಯವರ ಪ್ರಶ್ನೆ. ಇದನ್ನು ನಗೆಯಲ್ಲಿ ತೇಲಿಸಿ ಬಿಡಬಹುದಾಗಿತ್ತು. ನಮಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಯಾತಕ್ಕೆಂದರೆ, ವಯಸ್ಸು ಅರವತ್ತರ ಹತ್ತಿರ ಬಂದವನಿಗೆ ಕಾಲದ ವಿಚಾರವು ಹಾಸ್ಯದ ವಿಷಯವಾಗಿ ಉಳಿದಿರುವುದಿಲ್ಲ.

ಮೊದಲು ಗೋಡೆಯ ಗಡಿಯಾರದ ಯೋಗ್ಯತೆಯನ್ನೇ ಸ್ವಲ್ಪ ವಿಚಾರಿಸೋಣ. ನಮ್ಮ ಬಾಣಾವರವು 76 ಡಿಗ್ರಿಗಿಂತ ತುಸು ಹೆಚ್ಚಾದ ಪೂರ್ವ ರೇಖಾಂಶದಲ್ಲಿದೆ. ದೇಶದ ಗಡಿಯಾರಗಳೆಲ್ಲವೂ 82½ ಡಿಗ್ರಿಯ ರೇಖಾಂಶವನ್ನು ಅನುಸರಿಸಿ ನಡೆಯತಕ್ಕವು. ಡಿಗ್ರಿಯೊಂದಕ್ಕೆ 4 ನಿಮಿಷದಂತೆ ಲೆಕ್ಕ ಮಾಡಿದರೆ, ನಮ್ಮೂರಿನ ಸೂರ್ಯನಿಗೂ ನಮ್ಮೂರಿನ ಗಡಿಯಾರಕ್ಕೂ ಸುಮಾರು 25 ನಿಮಿಷದ ಅಂತರ. ಗಡಿಯಾರದಲ್ಲಿ 12 ಹೊಡೆದಾಗ ಬಾಣಾವರದಲ್ಲಿ ಇನ್ನೂ ಮಧ್ಯಾಹ್ನವಾಗಿರುವುದಿಲ್ಲ. ವರ್ಷದ ಸರಾಸರಿಯಲ್ಲಿ 12 ಗಂಟೆ 25 ನಿಮಿಷಕ್ಕೆ ಆಗುವುದು. ಋತುವನ್ನನುಸರಿಸಿ ಕಾಲು ಗಂಟೆ ಹಿಂದುಮುಂದಾಗುವುದೂ ಉಂಟು. 1906ನೆಯ ಇಸವಿ ಜನವರಿ 1ರಂದು ಈ ದೇಶಕ್ಕೆಲ್ಲ ಒಂದೇ ಕಾಲವೆಂದು ಗೊತ್ತಾಯಿತು. ಅದಕ್ಕೆ ಮೊದಲು ನಮ್ಮ ಕಡೆಯ ರೈಲುಗಾಡಿಗಳು ಮದರಾಸಿನ ಕಾಲವನ್ನು ಹಿಡಿದು ಓಡುತ್ತಿದ್ದವು. ಅದು ಈಗಿನದಕ್ಕಿಂತ 9 ನಿಮಿಷ ಹಿಂದು. ಆದಕಾರಣ ಅರಸೀಕೆರೆಯಿಂದ ಕಡೂರಿನ ಕಡೆಗೆ ಹೋಗುವ ಗಾಡಿಗೆ ಬಾಣಾವರದ ನಿಲ್ದಾಣದಲ್ಲಿ ಕಾಯುತ್ತಿದ್ದ ಅಂದಿನ ಗೃಹಸ್ಥನಿಗೆ ಎರಡು ಮಧ್ಯಾಹ್ನಗಳಿದ್ದವು: ಗಾಡಿಯ ಮಧ್ಯಾಹ್ನ ಒಂದು, ಮಾಧ್ಯಾಹ್ನಿಕದ ಅರ್ಘ್ಯಕ್ಕೆ ಬೇಕಾದ ಮಧ್ಯಾಹ್ನ ಒಂದು. ಗಡಿಯಾರವೆಂಬುದು ಲೋಕವ್ಯವಹಾರಕ್ಕಾಗಿ ನಾವು ಒಪ್ಪಿ ನಡೆಸುವ ಒಂದು ಕರಾರು. ಕರಾರನ್ನು ಪಾಲಿಸತಕ್ಕದ್ದೇ ಸರಿ. ಅದೇ ಕಾಲವೆಂದು ತಿಳಿಯತಕ್ಕದ್ದಲ್ಲ.

ನಮ್ಮ ಹಿರಿಯರ ಅಳತೆ ಬೇರೆ ಕಡೆಯಿಂದ ಹೊರಡುತ್ತದೆ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುವರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಗಳಿಗೆಯ 60ನೆಯ ಪಾಲು ಒಂದು ವಿಗಳಿಗೆ. ಆ ವಿಗಳಿಗೆಯ 6ನೆಯ ಪಾಲಿಗೆ ಸೂರ್ಯಸಿದ್ಧಾಂತವು ಇಟ್ಟಿರುವ ಹೆಸರು 'ಪ್ರಾಣ' ಎಂಬುದು. ಅದು ನಮ್ಮ ಲೆಕ್ಕದಲ್ಲಿ 4 ಸೆಕೆಂಡು. ಆರೋಗ್ಯವಂತನು ನೆಮ್ಮದಿಯಾಗಿ ಕುಳಿತು ಒಂದು ಸಲ ಉಸಿರೆಳೆದು ಬಿಡುವ ಹೊತ್ತು. ಹೀಗೆ ದಿನವೊಂದಕ್ಕೆ 21,600 ಪ್ರಾಣಗಳಾಗುತ್ತವೆ. ಅಜಪಾಜಪವೆಂದು ಯೋಗಶಾಸ್ತ್ರದವರು ಕರೆಯುವ, ಉಸಿರು ತಾನಾಗಿಯೇ ಮಾಡುತ್ತಿರುವ ಜಪದ ಸಂಖ್ಯೆಯೂ ದಿನಕ್ಕೆ 21,600ವೇ. ನಿಮಿಷಕ್ಕೆ 12ರಿಂದ 20 ಉಸಿರು ಸಹಜವೆಂದು ಇಂದಿನ ವೈದ್ಯರು ಹೇಳುತ್ತಾರೆ. ಹಿರಿಯರ ಲೆಕ್ಕದಲ್ಲಿ 15. ಇದಕ್ಕಿಂತಲೂ ಸ್ವಾರಸ್ಯವಾದದ್ದು ಮತ್ತೊಂದುಂಟು. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ; ಒಟ್ಟು ಕಲೆಗಳು 21,600. ನಕ್ಷತ್ರಚಕ್ರವು ಒಂದು ಪ್ರಾಣದಲ್ಲಿ ಒಂದು ಕಲೆಯಷ್ಟು ತಿರುಗುವುದೆಂಬ ಲೆಕ್ಕವನ್ನು ಆರ್ಯಭಟನು ಸುಮಾರು ಸಾವಿರದೈನೂರು ವರ್ಷಗಳ ಹಿಂದೆಯೇ ಹೇಳಿದ್ದಾನೆ. ಒಂದು ಉಸಿರಿಗೆ ಆಕಾಶವು ಒಂದು ಹೆಜ್ಜೆ! ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತ ಕುಳಿತವನು ಕಾಲವನ್ನು ಬಿಟ್ಟು ಓಡಿಹೋದವನೆಂದು ಹೇಳುವವರು ಈ ಲೆಕ್ಕವನ್ನು ನೋಡಿರಲಾರರು.

ಇದು ಹಳೆಯ ಪುಸ್ತಕದ ಮಾತಾಗಿ ಮಾತ್ರ ಉಳಿದಿಲ್ಲ. 1927ರಲ್ಲಿ ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಾಸನಗಳ ಪ್ರದರ್ಶನವನ್ನು ನಡೆಸಿದಾಗ, ಹತ್ತಿರದ ಕೌಶಿಕ ಗ್ರಾಮದ 12 ವರ್ಷದ ಹುಡುಗನೊಬ್ಬನು ಅದನ್ನು ಕಂಡು ಅವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡನು. ಅವರೇ ಮುಂದೆ ಮೈಸೂರಿನಲ್ಲಿ ನೆಲೆಸಿ ದೇಶಾಂತರಗಳಲ್ಲಿ ಹೆಸರಾದ ಪಟ್ಟಾಭಿ ಜೋಯಿಸರು. 1962ರಲ್ಲಿ ಅವರು ಪ್ರಕಟಿಸಿದ 'ಯೋಗಮಾಲಾ' ಎಂಬ ಗ್ರಂಥವು ಕನ್ನಡದಲ್ಲಿಯೇ ಬರೆದದ್ದು. ಅವರ ಕ್ರಮದಲ್ಲಿ ಪ್ರತಿಯೊಂದು ಚಲನೆಯೂ ಒಂದು ಪೂರಕಕ್ಕೋ ಒಂದು ರೇಚಕಕ್ಕೋ ಕಟ್ಟಿದ್ದಾಗಿದ್ದು, ಎಣಿಕೆಯು ಸಂಸ್ಕೃತದ ಸಂಖ್ಯೆಗಳಲ್ಲಿ ನಡೆಯುತ್ತದೆ. ಸಂಸ್ಕೃತದ ಒಂದು ವಿಭಕ್ತಿಯನ್ನೂ ಅರಿಯದ ಪರದೇಶದವರು ಇಂದು ಏಕಂ, ದ್ವೇ, ತ್ರೀಣಿ ಎಂದು ಉಸಿರಿಗೆ ಸರಿಯಾಗಿ ಎಣಿಸುತ್ತಿದ್ದಾರೆ. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಮೂವತ್ತೈದು ವರ್ಷ ಹೆಣಗಿದ ನಮಗೆ ಇದನ್ನು ಕೇಳಿ ಸಂತೋಷವಾಗುವುದೋ ಹೊಟ್ಟೆಕಿಚ್ಚಾಗುವುದೋ ಹೇಳಲಾರೆವು.

ಒಂದು ಕಡೆ ಹೀಗೆ ಕಾಲವನ್ನು ಉಸಿರಿನಷ್ಟು ಕಿರಿದು ಮಾಡಿಟ್ಟವರೇ ಮತ್ತೊಂದು ಕಡೆ ಅದನ್ನು ಎಣಿಕೆಗೆ ನಿಲುಕದಷ್ಟು ಹಿರಿದು ಮಾಡಿದ್ದಾರೆ. ಮನೆಯಲ್ಲಿ ನಡೆಯುವ ಸಣ್ಣ ಪೂಜೆಗೂ ಸಂಕಲ್ಪವುಂಟಷ್ಟೆ. ಪುರೋಹಿತರು ಅದನ್ನು ಅವಸರದಲ್ಲಿ ಹೇಳಿ ಮುಗಿಸುವುದರಿಂದ ಅದರ ಅರ್ಥವು ನಮ್ಮ ಕಿವಿಗೆ ಬೀಳುವುದಿಲ್ಲ. ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧದಿಂದ ಅದು ಮೊದಲಾಗುತ್ತದೆ. ಬಳಿಕ 432 ಕೋಟಿ ವರ್ಷಗಳ ಕಲ್ಪ, ಅದರೊಳಗೆ ಮನ್ವಂತರ, ಅದರೊಳಗೆ 4,32,000 ವರ್ಷಗಳ ಕಲಿಯುಗ, ಅದರ ಮೊದಲನೆಯ ಪಾದ, ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಹೀಗೆ ಇಳಿದಿಳಿದು ಕಡೆಗೆ ಕೈಯಲ್ಲಿ ಅಕ್ಷತೆಯನ್ನು ಹಿಡಿದು ಕುಳಿತಿರುವ ಈ ಮನುಷ್ಯನ ಬಳಿಗೆ ಬಂದು ನಿಲ್ಲುವುದು. ಅಷ್ಟು ದೊಡ್ಡ ಬಟ್ಟಲಿನಲ್ಲಿ ಇವನ ಈ ಒಂದು ಗಳಿಗೆಯು ಸಾಸಿವೆಯ ಪಾಲಿಗೂ ಬಾರದು. ಆದರೂ ಅದನ್ನು ಲೆಕ್ಕದಿಂದ ಬಿಟ್ಟಿಲ್ಲ. ಲೆಕ್ಕವೆಲ್ಲವೂ ಅದಕ್ಕಾಗಿಯೇ ಇಳಿದು ಬಂದಂತಿದೆ.

ಬೇಲೂರು ಹಳೇಬೀಡುಗಳ ಶಾಸನಗಳನ್ನು ಓದಿದವರು ಇದೇ ರೀತಿಯನ್ನು ಕಲ್ಲಿನ ಮೇಲೆಯೂ ಕಂಡಿರಬೇಕು. ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದನೆಂದು ನಾವು ಒಂದು ಅಂಕೆಯಲ್ಲಿ ಹೇಳಿ ಮುಗಿಸುತ್ತೇವೆ. ಆ ಕಾಲದ ಶಾಸನಕಾರನು ಶಕವರ್ಷವನ್ನು ಹೇಳಿ, ಸಂವತ್ಸರವನ್ನು ಹೇಳಿ, ಮಾಸ ತಿಥಿ ವಾರಗಳನ್ನು ಹೇಳಿ, ಗ್ರಹಣವೋ ಸಂಕ್ರಮಣವೋ ಇದ್ದರೆ ಅದನ್ನೂ ಹೇಳಿ, ಆಮೇಲೆ ಇಷ್ಟು ಭೂಮಿಯನ್ನು ಕೊಟ್ಟೆನೆನ್ನುವನು. ಅದು ನಡೆಯಬೇಕಾದ ಅವಧಿಯನ್ನು ಚಂದ್ರಸೂರ್ಯರು ಇರುವವರೆಗೆ ಎಂದು ಬರೆಯಿಸುವನು. ನಂದಾದೀವಿಗೆಗೆ ಎಣ್ಣೆಯ ವ್ಯವಸ್ಥೆ ಮಾಡಿದವನಿಗೆ, ಆ ದೀಪವು ಉರಿಯುವುದನ್ನು ತಾನು ನೋಡುವ ದಿನಗಳು ಎಣಿಕೆಯವೆಂಬುದು ಗೊತ್ತಿರಲಿಲ್ಲವೆ? ಗೊತ್ತಿದ್ದೇ ಕೊಟ್ಟನು.

ಇನ್ನು ಅನುಭವದ ಮಾತಿಗೆ ಬರೋಣ. ನಿಲ್ದಾಣದಲ್ಲಿ ತಡವಾದ ಗಾಡಿಗೆ ಕಾಯುವ ಅರ್ಧ ಗಂಟೆಯು ಏಕೆ ಅಷ್ಟು ಉದ್ದ? ದೇಹವು ಬೆಂಚಿನ ಮೇಲೆ ಕುಳಿತಿದ್ದರೂ ಮನಸ್ಸು ಅದಕ್ಕಿಂತ ಮುಂದೆ ಹೋಗಿ ಬೀರೂರಿನಲ್ಲಿ ನಿಂತಿರುವುದೇ ಕಾರಣ. ಎರಡರ ನಡುವಣ ದೂರವೇ ಬೇಸರ. ಮದುವೆಯ ಮನೆಯ ಹರಟೆಯಲ್ಲಿ ಹೊತ್ತು ಹೋದದ್ದೇ ತಿಳಿಯದು. ಅಲ್ಲಿ ಮನಸ್ಸು ದೇಹದ ಜೊತೆಯಲ್ಲಿಯೇ ಇರುತ್ತದೆ, ಆದರೆ ತನ್ನನ್ನು ತಾನು ಮರೆತಿರುತ್ತದೆ. ಅಮೆರಿಕೆಯ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ನಾನಾ ಅನುಭವಗಳಿಂದ ತುಂಬಿದ ಹೊತ್ತು ನಡೆಯುವಾಗ ಚಿಕ್ಕದು, ಹಿಂದಿರುಗಿ ನೋಡುವಾಗ ದೊಡ್ಡದು. ಬರಿದಾದ ಹೊತ್ತು ನಡೆಯುವಾಗ ದೊಡ್ಡದು, ಹಿಂದಿರುಗಿ ನೋಡಿದರೆ ಏನೂ ಇಲ್ಲ. ವಯಸ್ಸಾದಂತೆ ದಿನಗಳು ಒಂದರಂತೆ ಒಂದಾಗಿ ವರ್ಷಗಳು ಕರಗಿ ಹೋಗುವುದು ಇದರಿಂದಲೇ ಎನ್ನುತ್ತಾನೆ. ನಿವೃತ್ತರಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿದ್ದಾಗ ನಲವತ್ತು ನಿಮಿಷಕ್ಕೊಮ್ಮೆ ಗಂಟೆಯ ಶಬ್ದವು ದಿನವನ್ನು ತುಂಡರಿಸಿ ಕೊಡುತ್ತಿತ್ತು. ಆ ಗಂಟೆಯು ನಿಂತ ಮೇಲೆ ನಮಗೆ ಕಂಡುಬಂದ ವಿಚಿತ್ರವೇನೆಂದರೆ, ಮಧ್ಯಾಹ್ನವು ಸಾಗುವುದೇ ಇಲ್ಲ, ಯುಗಾದಿಗಳು ಮಾತ್ರ ಒಂದರ ಬೆನ್ನಿಗೆ ಒಂದು ಬರುತ್ತಿವೆ. ದಿನ ದೊಡ್ಡದು, ವರ್ಷ ಚಿಕ್ಕದು.

ಇಲ್ಲಿ ಒಂದು ಶಂಕೆ ಏಳಬೇಕು. ದಿನವೂ ಅದೇ ಮಂತ್ರ, ಅದೇ ಮಣೆ, ಅದೇ ದೀಪ. ಜಪದಂತಹ ಏಕರೀತಿಯಾದ ಕೆಲಸವು ಮತ್ತೊಂದಿಲ್ಲ. ಜೇಮ್ಸನ ಮಾತು ನಿಜವಾದರೆ ಸಾಧಕನ ವರ್ಷಗಳು ಎಲ್ಲರಿಗಿಂತ ಬೇಗ ಕರಗಬೇಕಲ್ಲವೆ? ವಿಟ್‌ಮನ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞನು ತನ್ನ ಜೊತೆಗಾರರೊಡನೆ 2015ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಬಹುಕಾಲ ಧ್ಯಾನಾಭ್ಯಾಸ ಮಾಡಿದ 42 ಮಂದಿಯನ್ನೂ ಮಾಡದ 42 ಮಂದಿಯನ್ನೂ ಹೋಲಿಸಿ ನೋಡಿದ್ದಾನೆ. ಅಭ್ಯಾಸಿಗಳು ಹೇಳಿದ್ದು ತದ್ವಿರುದ್ಧವಾಗಿತ್ತು: ಕಳೆದ ವಾರವೂ ಕಳೆದ ತಿಂಗಳೂ ತಮಗೆ ನಿಧಾನವಾಗಿ ಸಾಗಿದವು, ಹೊತ್ತು ಸಾಲದೆಂಬ ಒತ್ತಡವು ಕಡಿಮೆ, ಎಂದು. ಇದು ಅವರವರ ಬಾಯಿಮಾತನ್ನು ನಂಬಿದ ಲೆಕ್ಕ. ಸ್ವಭಾವದಿಂದಲೇ ನಿಧಾನಿಗಳಾದವರು ಧ್ಯಾನಕ್ಕೆ ಕೂಡುತ್ತಾರೆಂದೂ ವಾದಿಸಬಹುದು. ಆದರೂ ನಮಗೆ ತೋರುವುದನ್ನು ಹೇಳುತ್ತೇವೆ. ವರ್ಷವನ್ನು ಕರಗಿಸುವುದು ಏಕರೀತಿಯಲ್ಲ, ಗಮನವಿಲ್ಲದಿರುವುದು. ದಿನವೂ ಅದೇ ಕಾಫಿಯನ್ನು ಪತ್ರಿಕೆಯ ಮೇಲೆ ಕಣ್ಣಿಟ್ಟು ಕುಡಿದವನಿಗೆ ಕಾಫಿಯೂ ನೆನಪಿಲ್ಲ, ಪತ್ರಿಕೆಯೂ ನೆನಪಿಲ್ಲ. ಅದೇ ಮಂತ್ರವನ್ನು ಕೇಳಿಸಿಕೊಂಡು ಹೇಳಿದವನಿಗೆ ನಿನ್ನೆಯದು ಬೇರೆ, ಇಂದಿನದು ಬೇರೆ.

ನಮ್ಮ ಬೀದಿಯ ತಾಯಿಯೊಬ್ಬರ ವಿಚಾರವನ್ನು ಇಲ್ಲಿ ಹೇಳಬೇಕು. ಅವರಿಗಿದ್ದ ಒಬ್ಬನೇ ಮಗನು ಕಾಯಿಲೆಯಿಂದ ತೀರಿಕೊಂಡನು. ಕೆಲವು ತಿಂಗಳಾದ ಮೇಲೆ ಆಕೆ ಲಕ್ಷಬತ್ತಿಯ ವ್ರತವನ್ನು ಹಿಡಿದರು. ಲಕ್ಷ ಬತ್ತಿಗಳನ್ನು ಒಂದು ವರ್ಷದಲ್ಲಿ ಹೊಸೆಯಬೇಕಾದರೆ ದಿನಕ್ಕೆ 274 ಆಗಬೇಕು. ನಿದ್ರೆ ಬಾರದ ಆಕೆ ರಾತ್ರಿಯಲ್ಲಿ ಕುಳಿತು ಹೊಸೆಯುತ್ತಿದ್ದರು. "ಮೊದಲು ರಾತ್ರಿಗೆ ದಡವೇ ಇರಲಿಲ್ಲ ಮೇಷ್ಟ್ರೇ. ಈಗ ಅದಕ್ಕೆ ಇಷ್ಟು ಬತ್ತಿ ಅಂತ ಅಳತೆ ಬಂದಿದೆ" ಎಂದು ಒಂದು ದಿನ ಹೇಳಿದರು. ದುಃಖವು ಕಡಿಮೆಯಾಯಿತೆ ಎಂದು ಕೇಳುವ ಧೈರ್ಯವು ನಮಗಾಗಲಿಲ್ಲ. ಕಡಿಮೆಯಾಗಿರಲಾರದು. ದಡವಿಲ್ಲದ ಕಾಲಕ್ಕೂ ಅಳತೆಯುಳ್ಳ ಕಾಲಕ್ಕೂ ಇರುವ ವ್ಯತ್ಯಾಸವನ್ನು ಆಕೆ ಹೇಳಿದಷ್ಟು ಸ್ಪಷ್ಟವಾಗಿ ನಾವು ಯಾವ ವ್ಯಾಖ್ಯಾನದಲ್ಲಿಯೂ ಓದಿಲ್ಲ.

ರಾಮಕೋಟಿಯನ್ನು ಬರೆಯುವವರ ಲೆಕ್ಕವು ಇನ್ನೂ ವಿಚಿತ್ರ. ದಿನಕ್ಕೆ ಸಾವಿರ ನಾಮದಂತೆ ಬರೆದರೆ ಕೋಟಿಗೆ 10,000 ದಿನ. ಎಂದರೆ 27 ವರ್ಷ ನಾಲ್ಕು ತಿಂಗಳಿಗೆ ಮೇಲೆ. ಅರವತ್ತರಲ್ಲಿ ಮೊದಲು ಮಾಡಿದವನು ಮುಗಿಸುವಾಗ ಎಂಬತ್ತೇಳು ದಾಟಿರಬೇಕು. ಮುಗಿಸುವೆನೆಂಬ ಭರವಸೆಯಿಂದ ಯಾರೂ ಇದಕ್ಕೆ ಕೈ ಹಾಕಲಾರರು. ಉಳಿದಿರುವ ವರ್ಷಗಳೆಷ್ಟು ಎಂಬ ಎಣಿಕೆಯನ್ನು ಬಿಡಿಸಿ, ಇಂದಿನ ಸಾವಿರವೆಂಬ ಎಣಿಕೆಯನ್ನು ಕೈಗೆ ಕೊಡುವುದೇ ಆ ವ್ರತದ ಉಪಕಾರ.

ಹೊಯ್ಸಳರ ಕಾಲದ ತಾಯಿಯೊಬ್ಬಳ ಮಾತೂ ನಮ್ಮ ಜಿಲ್ಲೆಯ ಕಲ್ಲಿನ ಮೇಲೆಯೇ ಇದೆ. ವಿಷ್ಣುವರ್ಧನನ ರಾಣಿಯಾದ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಅವಳ ತಾಯಿ ಮಾಚಿಕಬ್ಬೆಯು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಕೈಕೊಂಡು, ಪಂಚಪದಗಳನ್ನು ಉಚ್ಚರಿಸುತ್ತ, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಹೊಂದಿದಳೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ನಾವು ಜೈನರಲ್ಲ, ಆ ವ್ರತದ ವಿಚಾರದಲ್ಲಿ ತೀರ್ಪು ಹೇಳುವ ಅಧಿಕಾರವೂ ನಮಗಿಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ ಆ ಮೂವತ್ತು ದಿನಗಳು ಎಷ್ಟು ಉದ್ದವಾಗಿದ್ದವೋ ಕಲ್ಲು ಹೇಳುವುದಿಲ್ಲ. ಜೈನ ಗೃಹಸ್ಥರ ನಿತ್ಯವ್ರತವಾದ ಸಾಮಾಯಿಕಕ್ಕೆ ಗೊತ್ತಾಗಿರುವ ಅವಧಿಯು ಒಂದು ಮುಹೂರ್ತ, 48 ನಿಮಿಷ, ನಮ್ಮ ಎರಡು ಗಳಿಗೆ. ದಿನವೂ ಎರಡು ಗಳಿಗೆ ರಾಗದ್ವೇಷಗಳನ್ನು ಬದಿಗಿಟ್ಟು ಕೂಡುವುದನ್ನು ಅಭ್ಯಾಸ ಮಾಡಿದವಳಿಗೆ ಆ ಒಂದು ತಿಂಗಳು ಪೂರ್ತಿಯಾಗಿ ಅಪರಿಚಿತವಾದ ದೇಶವಾಗಿರಲಿಲ್ಲವೆಂದು ಮಾತ್ರ ನಾವು ಊಹಿಸಬಹುದು.

ಕಾಲವು ಉದ್ದವೋ ಮೋಟೋ ಎಂಬ ಪ್ರಶ್ನೆಯನ್ನೇ ಬುಡಸಮೇತ ಕೀಳುವ ವಿಚಾರವೊಂದುಂಟು. ಅದನ್ನು ಕನ್ನಡದಲ್ಲಿ ಸಾಮಾನ್ಯರಿಗೂ ತಿಳಿಯುವಂತೆ ಬರೆದವರು ನಮ್ಮ ಜಿಲ್ಲೆಯ ಹೊಳೆನರಸೀಪುರದಲ್ಲಿ ನೆಲೆಸಿದ್ದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳವರು. ಪೂರ್ವಾಶ್ರಮದಲ್ಲಿ ಅವರು ಯಲ್ಲಂಬಳಸೆ ಸುಬ್ಬರಾಯರು. 1880ರಲ್ಲಿ ಹುಟ್ಟಿ, ಉಪಾಧ್ಯಾಯ ವೃತ್ತಿಯಲ್ಲಿದ್ದು, 1920ರಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1975ರಲ್ಲಿ ಬ್ರಹ್ಮೀಭೂತರಾದರು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದ ಮಹನೀಯರು. ಮಾಂಡೂಕ್ಯವನ್ನು ಹಿಡಿದು ಅವರು ಬೋಧಿಸಿದ ಅವಸ್ಥಾತ್ರಯ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ರಾತ್ರಿ ಹತ್ತರಿಂದ ಐದರವರೆಗೆ ಮಲಗಿದ್ದೆ, ನಡುವೆ ಒಂದು ಕನಸು ಬಿತ್ತು, ಎಂದು ನಾವು ಹೇಳುತ್ತೇವೆ. ಈ ವರದಿಯನ್ನು ಕೊಡುವವನು ಎಚ್ಚರದವನು. ಕನಸಿನೊಳಗಿದ್ದಾಗ ಅಲ್ಲಿಯದೇ ಒಂದು ಬೆಳಗು ಇತ್ತು, ಅಲ್ಲಿಯದೇ ಒಂದು ಬಾಲ್ಯವೂ ಮುಪ್ಪೂ ಇದ್ದವು. ಹತ್ತು ಗಂಟೆಯೂ ಇರಲಿಲ್ಲ, ಐದು ಗಂಟೆಯೂ ಇರಲಿಲ್ಲ. ಗಾಢನಿದ್ರೆಯಲ್ಲಿಯಂತೂ ಯಾವ ಕಾಲವೂ ಇಲ್ಲ. ಹಾಗಾದರೆ ಎಚ್ಚರ, ಕನಸು, ನಿದ್ರೆ ಎಂಬ ಮೂರನ್ನು ಒಂದೇ ದಾರದಲ್ಲಿ ಪೋಣಿಸಿದವರು ಯಾರು? ಆ ದಾರವು ಎಚ್ಚರದೊಳಗಿನದೇ. ಎಚ್ಚರವು ಕಾಲದಲ್ಲಿ ಬರುವುದಿಲ್ಲ. ಕಾಲವೇ ಎಚ್ಚರದೊಳಗೆ ತೋರುವುದು. ಮೂರು ಅವಸ್ಥೆಗಳನ್ನೂ ಬೆಳಗುವ ಆತ್ಮನಿಗೆ ಹುಟ್ಟಿದ ತಿಥಿಯನ್ನು ಯಾವ ಪಂಚಾಂಗದಲ್ಲಿ ಹುಡುಕುವುದು?

ಪಾತಂಜಲ ಯೋಗಸೂತ್ರಗಳ ಭಾಷ್ಯಕಾರನಾದ ವ್ಯಾಸನೂ ಬೇರೆ ದಾರಿಯಿಂದ ಈ ಸಮೀಪಕ್ಕೆ ಬರುತ್ತಾನೆ. ಕ್ಷಣ ಒಂದೇ ವಸ್ತುವಾದದ್ದು. ಎರಡು ಕ್ಷಣಗಳು ಒಟ್ಟಿಗೆ ಇರಲಾರವಾದ್ದರಿಂದ ಗಂಟೆ, ದಿನ, ವರ್ಷ ಎಂಬ ರಾಶಿಗಳೆಲ್ಲವೂ ಬುದ್ಧಿಯು ಕಟ್ಟಿಕೊಂಡವು, ಎಂಬುದು ಅವನ ಅಭಿಪ್ರಾಯ. ಬಾಣಾವರದ ಗಾಡಿಗೆ ಈ ಭಾಷ್ಯವು ಗೊತ್ತಿಲ್ಲವೆಂಬುದನ್ನು ನಾವು ಬಲ್ಲೆವು. ವೇದಾಂತಿಯು ಐದು ನಿಮಿಷ ತಡವಾಗಿ ಹೋದರೆ ಅದು ಹೊರಟೇ ಹೋಗಿರುವುದು. ವ್ಯವಹಾರಕ್ಕೆ ವ್ಯವಹಾರದ ಕಾಲವುಂಟೆಂದು ವೇದಾಂತಿಗಳೂ ಒಪ್ಪಿಯೇ ಇದ್ದಾರೆ.

ಆಯುಸ್ಸು ವರ್ಷಗಳ ಲೆಕ್ಕವಲ್ಲ, ಉಸಿರಿನ ಲೆಕ್ಕ. ಆದ್ದರಿಂದ ಉಸಿರನ್ನು ನಿಧಾನ ಮಾಡಿದವನು ಆಮೆಯಂತೆ ಬಹುಕಾಲ ಬದುಕುವನು, ಎಂಬ ಮಾತನ್ನು ಕೆಲವರು ಬಹಳ ಉತ್ಸಾಹದಿಂದ ಹೇಳುವರು. ನಮಗೆ ಈ ಮಾತು ರುಚಿಸುವುದಿಲ್ಲ. ಜಿಪುಣನು ದುಡ್ಡನ್ನು ಕೂಡಿಡುವಂತೆ ಉಸಿರನ್ನು ಕೂಡಿಡುವುದಾದರೆ ಅದು ಕಾಲದ ಭಯವೇ ಹೊರತು ಕಾಲದಿಂದ ಬಿಡುಗಡೆಯಲ್ಲ. ನಮ್ಮ ಭಾಷೆಯಲ್ಲಿ ಕಾಲನೆಂದರೆ ಯಮನೂ ಹೌದು.

ಇಷ್ಟಾದ ಮೇಲೆ ಸೋದರಿಯವರ ಪ್ರಶ್ನೆಗೆ ನಮ್ಮ ಉತ್ತರ: ಎರಡು ಗಡಿಯಾರಗಳೂ ಸರಿ. ಆದರೆ ಒಂದು ಮಾತನ್ನು ಅವರ ಮನೆಯವರೆಲ್ಲರೂ ಕೇಳಬೇಕು. ಅತ್ತೆಯವರಿಗೆ ಒಂದು ಗಂಟೆಯು ಒಂದು ಕ್ಷಣವಾಗುವುದು ಅವರ ನಿಷ್ಠೆಯಿಂದ, ನಿಜ. ಒಲೆಯ ಮೇಲಿನ ಹಾಲನ್ನು ಆ ಹೊತ್ತಿನಲ್ಲಿ ಬೇರೊಬ್ಬರು ನೋಡಿಕೊಳ್ಳುತ್ತಿರುವುದರಿಂದಲೂ ಹೌದು. ಸೊಸೆಯ ಕಾಲು ಗಂಟೆಯನ್ನು ಯಾರೂ ಕಾಯುತ್ತಿಲ್ಲ. ಅವರೇ ಕಾಯಬೇಕು, ಅವರೇ ಜಪಿಸಬೇಕು. ಹಾಲು, ಮಕ್ಕಳ ಶಾಲೆಯ ಬುತ್ತಿ, ಗಂಡನ ಗಾಡಿಯ ಹೊತ್ತು ಎಲ್ಲವೂ ಆ ಮುಳ್ಳಿನ ಮೇಲೆ ಕುಳಿತಿರುವಾಗ ಮುಳ್ಳು ಹೇಗೆ ತಾನೆ ಸರಾಗವಾಗಿ ನಡೆದೀತು? ಆ ಹದಿನೈದು ನಿಮಿಷ ಒಲೆಯ ಕಾವಲನ್ನು ಗಂಡನಾಗಲಿ ಅತ್ತೆಯವರಾಗಲಿ ವಹಿಸಿಕೊಳ್ಳತಕ್ಕದ್ದು. ಇದು ವೇದಾಂತವಲ್ಲ, ಆದರೆ ಇದಿಲ್ಲದೆ ಗೃಹಿಣಿಯ ವೇದಾಂತವು ಮುಂದೆ ಸಾಗುವುದಿಲ್ಲ.

ಎರಡನೆಯದಾಗಿ, ಗಡಿಯಾರವನ್ನೂ ದೂರವಾಣಿಯನ್ನೂ ದೇವರ ಕೋಣೆಯಿಂದ ಹೊರಗಿಡುವುದು. ಹೊತ್ತನ್ನು ತಿಳಿಯುವುದು ಹೇಗೆಂದರೆ, ಜಪಸರಕ್ಕೆ 108 ಮಣಿಗಳಷ್ಟೆ. ಉಸಿರಿಗೆ ಒಂದು ಮಣಿಯಂತೆ ಎಣಿಸಿದರೆ, 4 ಸೆಕೆಂಡಿನ ಲೆಕ್ಕದಲ್ಲಿ ಒಂದು ಸರಕ್ಕೆ 7 ನಿಮಿಷ 12 ಸೆಕೆಂಡು, ಎರಡು ಸರಕ್ಕೆ 14 ನಿಮಿಷ 24 ಸೆಕೆಂಡು. ಎರಡು ಸರ ಮುಗಿದರೆ ಕಾಲು ಗಂಟೆಯಾಯಿತೆಂದೇ ತಿಳಿದು ಏಳಬಹುದು; ಉಸಿರು ನಿಧಾನವಾದ ದಿನ ಇನ್ನೊಂದೆರಡು ನಿಮಿಷ ಹೆಚ್ಚಾದೀತು, ಮನೆಯವರು ಸೈರಿಸಿಕೊಳ್ಳಲಿ.

ತುಳಸಿಯ ಸರವೋ ಸ್ಫಟಿಕದ್ದೋ ಎಂದು ಕಾಗದದ ಅಂಚಿನಲ್ಲಿ ಅವರು ಕೇಳಿರುತ್ತಾರೆ. ಅದನ್ನು ಮುಂದಿನ ತಿಂಗಳು ಬರೆಯುತ್ತೇವೆ; ಅಲ್ಲಿಯವರೆಗೆ ಮನೆಯಲ್ಲಿ ಯಾವುದಿದೆಯೋ ಅದರಲ್ಲಿಯೇ ಎಣಿಸಲಿ.